ಯಾರೂ ಇಲ್ಲದ ಸ್ಟೇಷನ್ನಿನಲ್ಲಿ ಬರೆದದ್ದು

ಜಾಹ್ನವಿಗೆ ಮೂರ್ಛೆರೋಗವಿದೆ ಎಂದು ಲಂಡನ್ನಿನ ಅರ್ಧ ಕನ್ನಡಿಗರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಜಾಹ್ನವಿಗೆ ಮಾತ್ರ. ಏಕೆಂದರೆ ಮೂವತ್ತೇಳು ವರ್ಷದ ಬದುಕಿನಲ್ಲಿ ಅವಳಿಗೆ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಹ್ಯಾರೋದ ಒಂದು ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಊರವರಿಗೆಲ್ಲ ಮಾತ್ರೆ ಎಣಿಸಿ ಕೊಡುವ ಅವಳು ತಾನು ನುಂಗಿದ್ದು ತಲೆನೋವಿನ ಮಾತ್ರೆ ಬಿಟ್ಟರೆ ಇನ್ನೊಂದಿಲ್ಲ.

ಎಂಟು ವರ್ಷದ ಹಿಂದೆ ಅವಳಿಗೆ ಲಕ್ಷ್ಮೀಶ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಇಬ್ಬರೂ ನಾಲ್ಕು ಸಲ ಭೇಟಿಯಾಗಿದ್ದರು, ಒಬ್ಬರಿಗೊಬ್ಬರು ಹಿಡಿಸಿದ್ದರು, ಮೈಸೂರಿನಲ್ಲಿ ಛತ್ರ ನೋಡುವ ಮಾತೂ ನಡೆದಿತ್ತು. ಆಗ ಹುಡುಗನ ಸೋದರತ್ತೆ ರೂಢಿಯಂತೆ ಯಾರಿಗೋ ಫೋನ್ ಮಾಡಿ ಹುಡುಗಿಯ ಬಗ್ಗೆ ವಿಚಾರಿಸಿದರು. ನಮ್ಮವರು ಒಂದು ಫ್ರಿಜ್ ಕೊಳ್ಳುವ ಮುಂಚೆ ಐವತ್ತು ಜನರ ಅಭಿಪ್ರಾಯ ಓದುತ್ತಾರೆ. ಹುಡುಗಿಯ ವಿಷಯಕ್ಕೆ ಒಂದೇ ಫೋನು ಸಾಕು, ಅದೂ ಆ ಕಡೆಯವರು ಸ್ವಲ್ಪ ದನಿ ತಗ್ಗಿಸಿ ಮಾತಾಡಿದರಂತೂ ಮುಗಿದೇ ಹೋಯಿತು. ವಾರದೊಳಗೆ ಸಂಬಂಧ ಮುರಿದುಬಿತ್ತು. ಹುಡುಗಿಗೆ ಫಿಟ್ಸ್ ಇದೆಯಂತೆ, ಮುಚ್ಚಿಟ್ಟು ಮದುವೆ ಮಾಡಲು ಹೊರಟಿದ್ದರಂತೆ. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಬಂದ ಮೂರು ಸಂಬಂಧಗಳೂ ಅದೇ ಗೋಡೆಗೆ ತಲೆ ಬಡಿದುಕೊಂಡು ವಾಪಸಾದವು. ನಾಲ್ಕನೆಯದು ಬರಲೇ ಇಲ್ಲ.

ಅದೆಲ್ಲವನ್ನೂ ಜಾಹ್ನವಿ ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಒಂದೇ. ಅವಳ ತಂದೆ ನರಸಿಂಹಮೂರ್ತಿಗಳು ಮಗಳನ್ನು ನಂಬಲಿಲ್ಲ. ಹಾಗೇನೂ ಇಲ್ಲ ಅಪ್ಪಾ ಎಂದು ಅವಳು ಎಷ್ಟು ಸಲ ಹೇಳಿದರೂ, ತಮಗೆ ನೋವಾಗದಿರಲಿ ಎಂದು ಮಗಳು ಮುಚ್ಚಿಡುತ್ತಿದ್ದಾಳೆ ಎಂದೇ ಅವರು ತಿಳಿದರು. ಎರಡು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿ, ಮಾತಾಡಲು ಉಸಿರು ಸಾಲದಿರುವಾಗಲೂ ಅವರು ಫೋನಿನಲ್ಲಿ ಕೇಳಿದ್ದು, "ಮಾತ್ರೆ ಸರಿಯಾಗಿ ತಗೋತಿದೀಯೇನಮ್ಮ?" ಎಂದು. ಅವಳು ಹೂಂ ಎಂದಳು. ಇಲ್ಲ ಎಂದು ವಾದ ಮಾಡುವ ಹೊತ್ತು ಅದಾಗಿರಲಿಲ್ಲ. ಅವರು ಅದನ್ನೇ ನಂಬಿಕೊಂಡು ಹೋದರು. ಆ ಸುಳ್ಳು ಹೇಳಿದ ಬಾಯಿ ಯಾರದೆಂದು ಒಂದು ದಿನ ಗೊತ್ತಾದರೆ ಸಾಕು ಎಂದು ಜಾಹ್ನವಿ ಅಂದಿನಿಂದ ಕಾಯುತ್ತಿದ್ದಳು. ಗೊತ್ತಾದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಅವಳು ಯೋಚಿಸಿರಲಿಲ್ಲ.

ಜೂನ್ ತಿಂಗಳ ಒಂದು ಮಂಗಳವಾರ ಅದು ಗೊತ್ತಾಯಿತು.

ಅಂಗಡಿಗೆ ತಿಂಗಳಿಗೊಮ್ಮೆ ರಕ್ತದೊತ್ತಡದ ಮಾತ್ರೆಗೆ ಬರುವ ಒಬ್ಬ ಇಂಗ್ಲಿಷ್ ಮುದುಕನಿದ್ದ. ನಿವೃತ್ತ ಮೇಷ್ಟ್ರು, ಹೆಂಡತಿ ಇಲ್ಲ, ರೈಲಿನ ಹುಚ್ಚು. ಅದರಲ್ಲೂ ದೊಡ್ಡ ಸ್ಟೇಷನ್ನೆಂದರೆ ಅವನಿಗೆ ಆಗದು. ಜಪಾನಿನ ಹಳ್ಳಿಗಾಡಿನಲ್ಲಿ ಸಿಬ್ಬಂದಿಯೇ ಇಲ್ಲದ ಪುಟ್ಟ ಪುಟ್ಟ ಸ್ಟೇಷನ್ನುಗಳಿವೆಯಲ್ಲ, ಅವನ್ನು ಒಂದೊಂದಾಗಿ ನೋಡಿ ಬರುವುದು ಅವನ ವರ್ಷದ ವ್ರತ. ಆ ವಸಂತದಲ್ಲೂ ಹೋಗಿ ಬಂದಿದ್ದ. ಹಿಂದೆ ಯಾರೂ ಸಾಲಿನಲ್ಲಿ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು ಫೋಟೋಗಳನ್ನು ಕೌಂಟರಿನ ಮೇಲೆ ಹರಡಿದ.

ಬೆಟ್ಟದ ಬುಡದಲ್ಲಿ ಒಂದೇ ಒಂದು ಹಳಿ. ಬಸ್ಸಿನಷ್ಟುದ್ದದ ಪ್ಲಾಟ್‌ಫಾರ್ಮು. ಅದರ ಮೇಲೆ ಮರದ ಹಲಗೆಯ ಒಂದು ಕೋಣೆ, ಒಳಗೆ ಬೆಂಚು, ಬೆಂಚಿನ ಮೇಲೆ ಯಾರೋ ಹಳ್ಳಿಯವರು ಹೊಲಿದಿಟ್ಟ ದಿಂಬುಗಳು. ಸ್ಟೇಷನ್ ಮಾಸ್ಟರ್ ಇಲ್ಲ, ಟಿಕೆಟ್ ಕಿಟಕಿ ಇಲ್ಲ. ರೈಲಿಗೆ ಒಂದೇ ಬೋಗಿ. ಹತ್ತುವಾಗ ಬಾಗಿಲ ಹತ್ತಿರದ ಡಬ್ಬಿಯಿಂದ ನಂಬರಿನ ಚೀಟಿ ಹರಿದುಕೊಳ್ಳಬೇಕು, ಇಳಿಯುವಾಗ ಡ್ರೈವರನ ಪಕ್ಕದ ಡಬ್ಬಿಗೆ ಚೀಟಿಯನ್ನೂ ಚಿಲ್ಲರೆಯನ್ನೂ ಹಾಕಬೇಕು, ಅಷ್ಟೇ ವ್ಯವಹಾರ. ಕೋಣೆಯ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು ಮತ್ತು ಒಂದು ನೋಟ್‌ಪುಸ್ತಕ. ಇಳಿದವರು ಏನು ಬೇಕಾದರೂ ಬರೆಯಬಹುದು. ಎಲ್ಲಿಂದ ಬಂದೆವು, ಹಿಮ ಎಷ್ಟಿತ್ತು, ಯಾರ ನೆನಪಾಯಿತು, ಇಂಥವು. ಪುಸ್ತಕ ತುಂಬಿದರೆ ಊರಿನವರು ಅದನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು ಹೊಸದನ್ನು ಇಡುತ್ತಾರಂತೆ, ಇಪ್ಪತ್ತು ವರ್ಷದ ಪುಸ್ತಕಗಳೂ ಅಲ್ಲೇ ಇವೆಯಂತೆ. ಮುದುಕ ಅವನ್ನೆಲ್ಲ ತಿರುವಿ, ಗೊತ್ತಿಲ್ಲದ ಲಿಪಿ ಕಂಡಲ್ಲೆಲ್ಲ ಫೋಟೋ ತೆಗೆದು ತರುತ್ತಿದ್ದ. ಅವನ ಸಂಘದ ಪತ್ರಿಕೆಯಲ್ಲಿ ಅದಕ್ಕೊಂದು ಅಂಕಣವಿತ್ತು.

"ಈ ದುಂಡು ಅಕ್ಷರ ನಿಮ್ಮದೇ ಅಲ್ಲವೆ?" ಎಂದು ಕೊನೆಯ ಫೋಟೋವನ್ನು ಅವಳತ್ತ ತಿರುಗಿಸಿದ.

ಕನ್ನಡವೇ. ನೀಲಿ ಶಾಯಿ, ಸ್ವಲ್ಪ ಎಡಕ್ಕೆ ವಾಲಿದ ಕೈಬರಹ.

"ಇಲ್ಲಿ ಯಾರೂ ಇಲ್ಲ. ಟಿಕೆಟ್ ಕೇಳೋರೂ ಇಲ್ಲ. ಅದಕ್ಕೇ ಬರೀತಿದೀನಿ. ಜಾನು, ನಿನಗೆ ಫಿಟ್ಸ್ ಇದೆ ಅಂತ ಲಕ್ಷ್ಮೀಶನ ಅತ್ತೆಗೆ ಹೇಳಿದ್ದು ನಾನು. ಅವರು ಫೋನ್ ಮಾಡಿ ವಿಚಾರಿಸಿದರು, ಬಾಯಿಗೆ ಬಂತು, ಹೇಳಿಬಿಟ್ಟೆ. ನೀನು ಹೋಗಿಬಿಟ್ಟಿದ್ದರೆ ಈಸ್ಟ್ ಹ್ಯಾಮ್ ಫ್ಲಾಟ್‌ನಲ್ಲಿ ನಾನೊಬ್ಬಳೇ ಆಗ್ತಿದ್ದೆ. ಆ ಊರಲ್ಲಿ ನನಗೆ ನೀನು ಬಿಟ್ಟರೆ ಯಾರಿದ್ದರು? ಆಮೇಲೆ ನನಗೇ ಮದುವೆ ಆಯ್ತು, ನಿನಗೆ ಆಗಲೇ ಇಲ್ಲ. ನಿನ್ನ ಮುಖ ನೋಡಿ ಹೇಳೋ ಧೈರ್ಯ ನನಗಿಲ್ಲ. ಇಲ್ಲಾದರೂ ಇರಲಿ. ಕ್ಷಮಿಸು."

ಕೆಳಗೆ ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈಸ್ಟ್ ಹ್ಯಾಮಿನ ಸೀರೆ ಅಂಗಡಿಯ ಮೇಲಿನ ಫ್ಲಾಟಿನಲ್ಲಿ ಮೂರು ವರ್ಷ ಅವಳ ಜೊತೆಗಿದ್ದು ಅವಳನ್ನು ಜಾನು ಎಂದು ಕರೆದವಳು ಒಬ್ಬಳೇ. ಬೆಂಗಳೂರಿನ ಸ್ಮೃತಿ. ಈಗ ಹ್ಯಾರೋದಲ್ಲೇ ಹತ್ತು ನಿಮಿಷದ ದಾರಿಯಲ್ಲಿ ಗಂಡ ಮಗುವಿನೊಡನೆ ಇರುವ, ಹಿಂದಿನ ಡಿಸೆಂಬರಿನಲ್ಲಿ ಜಪಾನಿಗೆ ಹೋಗಿಬಂದು ಇನ್ನೂರು ಫೋಟೋ ಕಳಿಸಿದ್ದ, ಲಕ್ಷ್ಮೀಶನ ಸಂಬಂಧ ಮುರಿದಾಗ ಎರಡು ದಿನ ರಜೆ ಹಾಕಿ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ್ದ ಸ್ಮೃತಿ. ಒಂಟಿಯಾಗುತ್ತೇನೆ ಎಂದು ಹೆದರಿ ಗೆಳತಿಯ ಮದುವೆ ಮುರಿದವಳು, ಮುರಿದ ಐದು ತಿಂಗಳಿಗೆ ತಾನೇ ಮದುವೆಯಾಗಿ ಫ್ಲಾಟ್ ಬಿಟ್ಟಿದ್ದಳು. ಒಂಟಿಯಾದದ್ದು ಯಾರು?

"ಒಳ್ಳೆಯದೇನಾದರೂ ಬರೆದಿದ್ದಾರೆಯೇ?" ಎಂದು ಮುದುಕ ಆಸೆಯಿಂದ ಕೇಳಿದ.

"ಹಿಮ ಚೆನ್ನಾಗಿತ್ತಂತೆ. ರೈಲು ಸರಿಯಾದ ಸಮಯಕ್ಕೆ ಬಂತಂತೆ," ಎಂದಳು ಜಾಹ್ನವಿ. ಅವನು ಖುಷಿಯಿಂದ ಅದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡ. ಆ ಫೋಟೋ ನನಗೆ ಬೇಕು ಎಂದಳು, ಕೊಟ್ಟುಬಿಟ್ಟ.

ಅಲ್ಲಿ ಕನ್ನಡದಲ್ಲಿ ಬರೆದಿಟ್ಟು ಸ್ಮೃತಿ ಮಾಡಿದ್ದು ನಮ್ಮವರೆಲ್ಲ ದಿನವೂ ಮಾಡುವ ತಪ್ಪೇ. ಟ್ಯೂಬ್ ರೈಲಿನಲ್ಲಿ ಎದುರು ಕೂತವನ ಬೊಜ್ಜು, ಪಕ್ಕದವಳ ಲಿಪ್‌ಸ್ಟಿಕ್ಕು, ಮನೆಯ ಜಗಳ, ಆಫೀಸಿನ ಗುಟ್ಟು, ಎಲ್ಲವನ್ನೂ ಗಟ್ಟಿ ದನಿಯಲ್ಲಿ ಆಡಿಕೊಳ್ಳುತ್ತೇವೆ. ಕನ್ನಡ ಯಾರಿಗೆ ಬರುತ್ತದೆ ಎಂಬ ಧೈರ್ಯ. ಹಾಗೆ ಮಾತಾಡಿ ಮಾತಾಡಿ ನಮ್ಮ ಭಾಷೆಯೇ ನಮಗೊಂದು ಬೀಗ ಹಾಕಿದ ಕೋಣೆಯಂತಾಗಿಬಿಟ್ಟಿದೆ. ಅದರಲ್ಲೂ ಅಲ್ಲಿ ಸ್ಟೇಷನ್ನಿನಲ್ಲೇ ಯಾರೂ ಇರಲಿಲ್ಲ.

ಅದೇ ಸಂಜೆ ಸ್ಮೃತಿಯ ಫೋನು ಬಂತು.

"ಜಾನು, ಒಂದು ಹೆಲ್ಪ್ ಬೇಕು ಕಣೇ. ಕೃತಿಗೆ ಆ ಗ್ರೀನ್‌ಫರ್ಡ್ ಸಂಬಂಧ ಆಲ್ಮೋಸ್ಟ್ ಸೆಟ್ಲ್ ಆಗಿದೆ. ಹುಡುಗನ ಅಮ್ಮ ಉಷಾ ಆಂಟಿ ಅಂತ, ತುಂಬ ಹಳೇ ಕಾಲದೋರು, ಯಾರನ್ನಾದ್ರೂ ವಿಚಾರಿಸಬೇಕು ಅಂದ್ರು. ನಿನ್ನ ನಂಬರ್ ಕೊಟ್ಟಿದೀನಿ. ಶನಿವಾರ ಮೂರು ಗಂಟೆಗೆ ಮಾಡ್ತಾರೆ. ಎರಡು ಒಳ್ಳೇ ಮಾತು ಹೇಳ್ಬಿಡು, ಪ್ಲೀಸ್."

ಕೃತಿ ಎಂದರೆ ಸ್ಮೃತಿಯ ತಂಗಿ. ತಂದೆ ತಾಯಿ ಇಬ್ಬರೂ ಹೋದಾಗ ಹನ್ನೊಂದು ವರ್ಷದ ಹುಡುಗಿ. ಚಿಕ್ಕಪ್ಪನ ಮನೆಯಲ್ಲಿದ್ದವಳನ್ನು ಸ್ಮೃತಿ ಫೋನಿನಲ್ಲೇ ಬೆಳೆಸಿ, ಓದಿಸಿ, ಲಂಡನ್ನಿಗೆ ಕರೆಸಿಕೊಂಡಿದ್ದಳು. ಸ್ಮೃತಿಯ ಪ್ರಾಣವೆಂದರೆ ಅವಳೇ.

"ಖಂಡಿತ ಹೇಳ್ತೀನಿ. ಶನಿವಾರ ನೀನೂ ಬಾರೇ, ಗೊಜ್ಜವಲಕ್ಕಿ ಮಾಡ್ತೀನಿ. ಇಬ್ಬರೂ ಕೂತ್ಕೊಂಡೇ ಮಾತಾಡೋಣ," ಎಂದಳು ಜಾಹ್ನವಿ.

ಆಮೇಲಿನ ಮೂರು ದಿನ ಅವಳು ಹೊಸ ಮನುಷ್ಯಳಂತೆ ಓಡಾಡಿದಳು. ಎಂಟು ವರ್ಷ ಅವಳ ಎದೆಯಲ್ಲಿ ಕೂತಿದ್ದ ಕಲ್ಲನ್ನು ಎಸೆಯಲು ಒಂದು ಜಾಗ ಸಿಕ್ಕಿತ್ತು. ಗಿರಾಕಿಗಳಿಗೆ ಔಷಧಿ ಕೊಡುತ್ತ ಕೊಡುತ್ತ ಮನಸ್ಸಿನಲ್ಲೇ ಉಷಾ ಆಂಟಿಯ ಜೊತೆ ಮಾತಾಡುತ್ತಿದ್ದಳು. ಹುಡುಗಿ ಒಳ್ಳೆಯವಳೇ ಆಂಟಿ, ಆದರೆ... ಆ ಆದರೆಯ ಮುಂದೆ ಏನು ಹಾಕಲಿ? ಹಿಂದೆ ಒಬ್ಬ ಇದ್ದ ಎನ್ನಲೇ? ಮನೋವೈದ್ಯರ ಹತ್ತಿರ ಹೋಗುತ್ತಾಳೆ ಎನ್ನಲೇ? ಅಥವಾ ಏನೂ ಬೇಡ, ನನ್ನನ್ನೇನೂ ಕೇಳಬೇಡಿ ಆಂಟಿ ಎಂದು ಒಂದು ನಿಟ್ಟುಸಿರು ಬಿಟ್ಟರೆ ಸಾಕೇ? ಅದೇ ಎಲ್ಲಕ್ಕಿಂತ ಚೆನ್ನ ಅನ್ನಿಸಿತು. ಸುಳ್ಳು ಹೇಳಿದ ಪಾಪವೂ ಇಲ್ಲ.

ಗುರುವಾರ ಕೃತಿಯೇ ಅಂಗಡಿಗೆ ಬಂದಳು. ಹುಲ್ಲಿನ ಪರಾಗಕ್ಕೆ ಕಣ್ಣು ಕೆಂಪಾಗಿ, ಮೂಗು ಸುರಿಯುತ್ತಿತ್ತು. ಮಾತ್ರೆ ತೆಗೆದುಕೊಂಡು, "ಜಾನಕ್ಕ, ಶನಿವಾರ ನಿಮ್ಮ ಕೈಯಲ್ಲಿದೆ ನನ್ನ ಲೈಫು. ಅಭಿಜಿತ್ ತುಂಬ ಒಳ್ಳೆಯವನು. ಅವರಮ್ಮ ಮಾತ್ರ ಪೊಲೀಸ್ ಥರ," ಎಂದು ನಕ್ಕು, ಮತ್ತೆ ಸೀನಿ, ಓಡಿದಳು. ಜಾಹ್ನವಿಗೆ ಅಯ್ಯೋ ಅನ್ನಿಸಿತು. ಅದು ನಿಜ. ಹಿಂದೆಯೇ, ನನ್ನನ್ನು ಕಂಡು ಯಾರಿಗಾದರೂ ಅಯ್ಯೋ ಅನ್ನಿಸಿತ್ತೇ ಎಂದು ಹಲ್ಲು ಕಚ್ಚಿದಳು. ಅದೂ ನಿಜ.

ಶನಿವಾರ ಎರಡೂವರೆಗೆ ಸ್ಮೃತಿ ಬಂದಳು. ಗಂಡ ಅನಿರುದ್ಧ ಮಗುವನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ಗೊಜ್ಜವಲಕ್ಕಿ ತಿಂದಳು, ಹೊಗಳಿದಳು, ಇನ್ನೊಂದು ಚಮಚ ಹಾಕಿಸಿಕೊಂಡಳು. ಜಾಹ್ನವಿ ಅವಳ ತಟ್ಟೆ ಖಾಲಿಯಾಗುವವರೆಗೆ ಕಾದಳು. ತಟ್ಟೆ ತೆಗೆದು, ಆ ಜಾಗದಲ್ಲಿ ಫೋಟೋ ಇಟ್ಟಳು.

ಸ್ಮೃತಿ ಮೊದಲು ನಗುತ್ತಲೇ ನೋಡಿದಳು. ಆಮೇಲೆ ಅವಳ ಮುಖದ ಬಣ್ಣ ಹೋಯಿತು.

"ಇದು... ಇದು ನಿನಗೆ ಹೇಗೆ ಸಿಕ್ತು?"

"ಅದನ್ನ ತಿಳ್ಕೊಂಡು ನಿನಗೇನಾಗ್ಬೇಕು? ನಿನ್ನ ಅಕ್ಷರ ತಾನೆ?"

"ಅಲ್ಲಿ ಯಾರೂ ಇರ್ಲಿಲ್ಲ ಜಾನು," ಎಂದಳು ಸ್ಮೃತಿ. ಮೊದಲು ಬಾಯಿಗೆ ಬಂದದ್ದು ಅದೇ. "ಮುಂದಿನ ಟ್ರೈನಿಗೆ ಮೂರು ಗಂಟೆ ಇತ್ತು. ಅನಿ, ಮಗು ಹಿಮದಲ್ಲಿ ಆಡ್ತಿದ್ರು. ನಾನೊಬ್ಬಳೇ ಒಳಗೆ ಕೂತಿದ್ದೆ. ಆ ಬುಕ್ ನೋಡಿ... ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು."

"ಯಾರಿಗಾದ್ರೂ ಅಲ್ಲ, ನನಗೆ ಹೇಳ್ಬೇಕಿತ್ತು. ನನ್ನ ಮನೆ ಹತ್ತು ನಿಮಿಷ. ನೀನು ಜಪಾನಿಗೆ ಹೋಗಿ ಬೆಂಚಿಗೆ ಹೇಳಿ ಬಂದ್ಯಾ?"

"ತಪ್ಪಾಯ್ತು. ದಿನಾ ಸಾಯ್ತಿದೀನಿ ಕಣೇ."

"ಸತ್ತಿದ್ದು ನಮ್ಮಪ್ಪ. ಹೋಗೋ ಮುಂಚೆ ಏನ್ ಕೇಳಿದ್ರು ಗೊತ್ತಾ ನಿನಗೆ?"

ಸ್ಮೃತಿ ತಲೆ ತಗ್ಗಿಸಿದಳು. ಗೊತ್ತಿತ್ತು. ಅಂದು ಜಾಹ್ನವಿ ಅತ್ತು ಹೇಳಿಕೊಂಡದ್ದು ಅವಳ ಹತ್ತಿರವೇ. ಆ ಗಳಿಗೆಯಲ್ಲಾದರೂ ಬಾಯಿ ಬಿಟ್ಟಿದ್ದರೆ, ಇನ್ನೂ ಉಸಿರಾಡುತ್ತಿದ್ದ ಅವರಿಗೆ ಒಂದು ಫೋನ್ ಮಾಡಬಹುದಿತ್ತು. ಬದಲಿಗೆ ಸ್ಮೃತಿ ಅವಳ ಬೆನ್ನು ಸವರಿ, ಕಾಫಿ ಮಾಡಿಕೊಟ್ಟು ಮನೆಗೆ ಹೋಗಿದ್ದಳು.

"ಜಾನು, ನನಗೇನ್ ಬೇಕಾದ್ರೂ ಮಾಡು. ಕೃತಿ ಏನೂ ಮಾಡಿಲ್ಲ," ಎಂದು ಸ್ಮೃತಿ ಎರಡೂ ಕೈ ಜೋಡಿಸಿದಳು.

"ನಾನೇನ್ ಮಾಡಿದ್ದೆ?"

ಅಷ್ಟರಲ್ಲಿ ಮೂರು ಗಂಟೆಯಾಯಿತು, ಫೋನು ಬಂತು. ಜಾಹ್ನವಿ ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು.

"ಜಾಹ್ನವಿನಾ? ನಾನಮ್ಮ, ಗ್ರೀನ್‌ಫರ್ಡಿಂದ ಉಷಾ. ಊಟ ಆಯ್ತಾ? ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನಿನಗೆ ಆ ಹುಡುಗಿ ಚೆನ್ನಾಗಿ ಗೊತ್ತಂತೆ. ನಿನ್ನ ಬಾಯಿಂದ ಏನ್ ಬರುತ್ತೋ ಅದರ ಮೇಲೇ ನಾವು ಮುಂದಕ್ಕೆ ಹೋಗೋದು. ಹುಡುಗಿ ಹೇಗಮ್ಮ?"

ಜಾಹ್ನವಿ ಮಾತಾಡಲಿಲ್ಲ. ಎದುರಿಗೆ ಸ್ಮೃತಿ ಜೋಡಿಸಿದ ಕೈಯನ್ನು ಇಳಿಸದೆ ಕೂತಿದ್ದಳು. ಇಷ್ಟು ಸುಖ ತನಗೆ ಬಹಳ ವರ್ಷದಿಂದ ಸಿಕ್ಕಿಲ್ಲ ಎಂದು ಜಾಹ್ನವಿಗೆ ತಿಳಿಯಿತು. ಬಾಯಿ ತೆರೆಯುವುದೇ ಬೇಕಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಂಬಂಧ ತಾನಾಗಿ ಕೈಬಿಟ್ಟು ಹೋಗುತ್ತಿತ್ತು.

"ಯಾಕಮ್ಮ, ಏನಾದ್ರೂ ಇದ್ಯಾ? ಆರೋಗ್ಯ ಏನಾದ್ರೂ..." ಉಷಾ ಆಂಟಿ ತಡೆದರು. "ಅಯ್ಯೋ, ನಾನು ನಿನ್ನನ್ನ ಕೇಳ್ತಿದೀನಿ ನೋಡು. ಪಾಪ, ಫಿಟ್ಸ್ ಬರ್ತಿದ್ದ ಹುಡುಗಿ ನೀನೇ ಅಲ್ವಾ? ಈಗ ಕಂಟ್ರೋಲ್‌ನಲ್ಲಿದ್ಯಾ?"

ಜಾಹ್ನವಿ ಈ ಹೆಂಗಸಿನ ಮುಖವನ್ನು ಒಮ್ಮೆಯೂ ನೋಡಿದವಳಲ್ಲ.

"ಒಂದ್ನಿಮಿಷ ಆಂಟಿ," ಎಂದು ಅವಳು ಮ್ಯೂಟ್ ಒತ್ತಿದಳು. "ಕೇಳಿಸ್ತಾ? ಈಗ ಹೇಳು. ಅದು ಸುಳ್ಳು, ನಾನೇ ಹುಟ್ಟಿಸಿದ್ದು ಅಂತ ಅವರಿಗೊಂದು ಮಾತು ಹೇಳು. ನೀನಾಗಿ ಹೇಳಿದ್ರೆ ಕೃತಿ ವಿಷಯ ನಾನು ನೋಡ್ಕೋತೀನಿ. ಈ ಫೋಟೋನೂ ಹರಿದು ಹಾಕ್ತೀನಿ."

ಅವಳು ನಿಜವಾಗಿಯೂ ಹರಿದು ಹಾಕುತ್ತಿದ್ದಳು. ಮೂರು ದಿನ ವಿಷ ಅರೆದವಳಿಗೆ, ಎದುರಿಗೆ ಕೂತ ಈ ಗೆಳತಿ ಒಂದೇ ಒಂದು ಸಲ ತನ್ನ ಪರವಾಗಿ ಬಾಯಿ ಬಿಡಲಿ ಎಂಬ ಆಸೆ ಒಳಗೆಲ್ಲೋ ಉಳಿದಿತ್ತು. ಅದು ಅವಳಿಗೂ ಆಗಲೇ ಗೊತ್ತಾದದ್ದು.

ಸ್ಮೃತಿ ಫೋನನ್ನು ನೋಡಿದಳು, ಜಾಹ್ನವಿಯನ್ನು ನೋಡಿದಳು. "ಮದುವೆ ಆಗ್ಲಿ ಜಾನು," ಎಂದು ಪಿಸುಗುಟ್ಟಿದಳು. "ಮದುವೆ ಒಂದು ಆಗಿಬಿಡ್ಲಿ. ಆಮೇಲೆ ಎಲ್ಲರ ಮುಂದೆ ಹೇಳ್ತೀನಿ. ದೇವರಾಣೆ."

ಜಾಹ್ನವಿ ಮ್ಯೂಟ್ ತೆಗೆದಳು.

"ಆಂಟಿ, ಕೃತಿ ಅಪ್ಪಟ ಚಿನ್ನ. ಆರೋಗ್ಯವಾಗಿದಾಳೆ, ಈ ಬೇಸಿಗೆಯಲ್ಲಿ ಸೀನ್ತಾಳೆ ಅಷ್ಟೇ. ನಿಮ್ಮ ಮಗನ್ನ ಮನಸಾರೆ ಮೆಚ್ಚಿದಾಳೆ. ಒಂದು ಕೊಂಕೂ ಇಲ್ಲ. ಇನ್ನು ನನ್ನ ವಿಷಯ. ನನಗೆ ಹುಟ್ಟಿದಾಗಿಂದ ಇವತ್ತಿನವರೆಗೆ ಫಿಟ್ಸ್ ಬಂದಿಲ್ಲ. ಎಂಟು ವರ್ಷದ ಹಿಂದೆ, ಹೀಗೇ ಯಾರೋ ಫೋನ್ ಮಾಡಿ ವಿಚಾರಿಸಿದಾಗ, ಕೃತಿ ಅಕ್ಕ ಸ್ಮೃತಿ ಆ ಸುಳ್ಳು ಹೇಳಿದ್ಲು. ಅವಳ ಕೈಯಲ್ಲೇ ಬರೆದದ್ದು ನನ್ನ ಹತ್ರ ಇದೆ. ಅವಳೂ ಇಲ್ಲೇ ಕೂತಿದಾಳೆ, ಕೇಳಿ."

ಆ ಕಡೆ ಕುಕ್ಕರ್ ಕೂಗಿತು.

"ಹೌದೇನಮ್ಮ ಸ್ಮೃತಿ?" ಎಂದರು ಉಷಾ ಆಂಟಿ.

"ಹೌದು ಆಂಟಿ," ಎಂದಳು ಸ್ಮೃತಿ.

"ಸರಿ." ಉಷಾ ಆಂಟಿ ಕುಕ್ಕರ್ ಆರಿಸಿ ಬಂದರೆಂದು ತೋರುತ್ತದೆ, ದನಿ ಹತ್ತಿರವಾಯಿತು. "ಜಾಹ್ನವಿ, ನನ್ನ ಮಗ ಆ ಹುಡುಗಿ ಬಿಟ್ಟು ಬೇರೆ ಬೇಡ ಅಂತ ಹಟ ಹಿಡಿದಿದಾನೆ. ಇಷ್ಟೆಲ್ಲ ಆದ್ಮೇಲೂ ನೀನು ಅವಳನ್ನ ಒಳ್ಳೆಯವಳು ಅಂತೀಯಲ್ಲ, ಅದಕ್ಕಿಂತ ಹೆಚ್ಚಿನ ಮಾತು ನನಗೆ ಬೇಡ. ನಾನು ಒಪ್ಪಿದೆ. ಆದ್ರೆ ಆ ಅಕ್ಕ ನನ್ನ ಮನೆ ಹೊಸಿಲು ತುಳಿಯೋದು ಬೇಡ. ಮುಂದಿನ ಭಾನುವಾರ ತಾಂಬೂಲ ಬದಲಾಯಿಸ್ತೀವಿ. ಚಿಕ್ಕಪ್ಪ ಬೆಂಗಳೂರಿಂದ ವಿಡಿಯೋದಲ್ಲಿ ಇರ್ತಾರೆ. ಹುಡುಗಿ ಪಕ್ಕದಲ್ಲಿ ಅಕ್ಕನ ಜಾಗದಲ್ಲಿ ನೀನು ಕೂತ್ಕೋಬೇಕು. ಬರ್ತೀಯೇನಮ್ಮ?"

ಸ್ಮೃತಿ ಬೇಡ ಬೇಡ ಎಂದು ತಲೆಯಾಡಿಸಿದಳು. ಫೋಟೋ ಇಟ್ಟಾಗ ಬಾರದ ಅಳು ಈಗ ಬಂದಿತ್ತು. ಅವಳು ಮೇಜಿನ ಮೇಲಿಂದ ಕೈ ಚಾಚಿ ಜಾಹ್ನವಿಯ ಮಣಿಕಟ್ಟು ಹಿಡಿದಳು. ಬರಲಾಗುವುದಿಲ್ಲ ಆಂಟಿ, ಅಕ್ಕನೇ ಬರಲಿ ಎಂದು ಒಂದು ಮಾತು ಹೇಳಿದ್ದರೆ ಆ ಹೆಂಗಸು ಬಹುಶಃ ಕೇಳುತ್ತಿದ್ದರು. ಜಾಹ್ನವಿಗೆ ಅದು ಗೊತ್ತಿತ್ತು. ಸ್ಮೃತಿಗೂ ಗೊತ್ತಿತ್ತು.

ಜಾಹ್ನವಿ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬರ್ತೀನಿ ಆಂಟಿ," ಎಂದಳು. "ಬೆಳಿಗ್ಗೆಯೇ ಕೃತಿನ ನಮ್ಮನೆಗೆ ಕರೆಸ್ಕೋತೀನಿ. ಜಡೆ ಹೆಣೆದು, ಸೀರೆ ಉಡಿಸಿ, ನಾನೇ ಕರ್ಕೊಂಡು ಬರ್ತೀನಿ."